ಗ್ರಾಫಿಕ್ ವಿನ್ಯಾಸಕ್ಕೆ ಕಂಪ್ಯೂಟರ್ ಆರಿಸುವುದು: ಮೊದಲು ಫೈಲು, ಆಮೇಲೆ ಯಂತ್ರ

ವಿನ್ಯಾಸದ ಕೆಲಸಕ್ಕೆಂದು ಕಂಪ್ಯೂಟರ್ ಕೊಳ್ಳಲು ಹೊರಟವರಲ್ಲಿ ಬಹುತೇಕರು ಮೊದಲು ಕೇಳುವುದು ‘ಯಾವ ಪ್ರೊಸೆಸರ್ ಒಳ್ಳೆಯದು’ ಎಂದು. ಪ್ರಶ್ನೆ ತಪ್ಪಲ್ಲ, ಆದರೆ ಅದರ ಸರದಿ ಬರುವುದು ನಾಲ್ಕನೆಯದಾಗಿ. ಪರದೆ, ಮೆಮೊರಿ (ರ್‍ಯಾಮ್), ಸಂಗ್ರಹ (ಫೈಲುಗಳನ್ನು ಇಡುವ ಡಿಸ್ಕ್) ಇವು ಮೂರೂ ನಿರ್ಧಾರವಾದ ಮೇಲೆಯೇ ಪ್ರೊಸೆಸರಿನ ಮಾತು, ಅದಾದ ಮೇಲೆ ಗ್ರಾಫಿಕ್ಸ್ ಕಾರ್ಡಿನದು. ಈ ಕ್ರಮವನ್ನು ತಲೆಕೆಳಗು ಮಾಡಿದವರು ವೇಗದ ಯಂತ್ರವೊಂದನ್ನು ತಂದು, ಅದರ ಮುಂದೆ ಬಣ್ಣವನ್ನೇ ಸರಿಯಾಗಿ ತೋರಿಸದ ಪರದೆಯನ್ನಿಟ್ಟುಕೊಂಡು ಕೂರುತ್ತಾರೆ. ನಾನೂ ಒಮ್ಮೆ ಹಾಗೆ ಕೂತವನೇ. ಅಗ್ಗದ ಲ್ಯಾಪ್‌ಟಾಪಿನ ಪರದೆಯ ಮೇಲೆ ಹದವಾಗಿ ಕಂಡ ಕೇಸರಿ ಬಣ್ಣವೊಂದು ಮುದ್ರಣವಾಗಿ ಬಂದಾಗ ಸುಟ್ಟ ಇಟ್ಟಿಗೆಯಂತಿತ್ತು. ಮುದ್ರಣಾಲಯದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಕೆಲಸದ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ನಿಮ್ಮ ಹಳೆಯ ಯಂತ್ರದಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಕಳೆದ ಕೆಲವು ತಿಂಗಳಲ್ಲಿ ನೀವು ಮಾಡಿದ ಅತ್ಯಂತ ಭಾರವಾದ ಫೈಲನ್ನು, ಆಗ ಜೊತೆಯಲ್ಲಿ ತೆರೆದಿರುತ್ತಿದ್ದ ಉಳಿದ ತಂತ್ರಾಂಶಗಳ ಸಮೇತ ತೆರೆಯಿರಿ. ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್, ಮ್ಯಾಕ್ ಆದರೆ ಆ್ಯಕ್ಟಿವಿಟಿ ಮಾನಿಟರ್ ತೆರೆದು, ಕೆಲಸ ಮಾಡುತ್ತಿರುವಾಗ ಮೆಮೊರಿ ಎಷ್ಟು ತುಂಬುತ್ತದೆ, ಪ್ರೊಸೆಸರ್ ಎಷ್ಟು ಹೊತ್ತು ಪೂರ್ತಿ ದುಡಿಯುತ್ತದೆ, ಡಿಸ್ಕ್ ಎಲ್ಲಿ ಏದುಸಿರು ಬಿಡುತ್ತದೆ ಎಂಬುದನ್ನು ಅರ್ಧ ಗಂಟೆ ಗಮನಿಸಿ. ಯಂತ್ರ ಎಲ್ಲಿ ನಿಮ್ಮನ್ನು ಕಾಯಿಸುತ್ತಿದೆಯೋ ಅಲ್ಲಿಯೇ ಹಣ ಹಾಕಬೇಕಾದದ್ದು.

ವಿನ್ಯಾಸವೆಂಬ ಒಂದೇ ಹೆಸರಿನ ಅಡಿಯಲ್ಲಿ ಬೇರೆ ಬೇರೆ ಹೊರೆಯ ಕೆಲಸಗಳಿವೆ. ಲೋಗೋ, ಆಮಂತ್ರಣ ಪತ್ರಿಕೆ, ಕರಪತ್ರಗಳಂತಹ ವೆಕ್ಟರ್ ಕೆಲಸದಲ್ಲಿ (ಚುಕ್ಕೆಗಳ ಬದಲು ರೇಖೆ, ಆಕಾರಗಳಿಂದ ಚಿತ್ರ ಕಟ್ಟುವ ಕೆಲಸ) ಫೈಲು ಚಿಕ್ಕದಾಗಿದ್ದರೂ ರೇಖೆ, ನೆರಳು, ಪಾರದರ್ಶಕತೆಗಳು ಹೆಚ್ಚಾದಂತೆ ಪ್ರೊಸೆಸರಿಗೆ ಹೊರೆ ಬೀಳುತ್ತದೆ. ಫೋಟೋ ತಿದ್ದುವುದು ಮತ್ತು ದೊಡ್ಡ ಪೋಸ್ಟರ್ ಮಾಡುವುದು ಮೆಮೊರಿಯನ್ನು ನುಂಗುವ ಕೆಲಸಗಳು. ಪುಸ್ತಕ ಮತ್ತು ಪತ್ರಿಕೆಯ ಪುಟವಿನ್ಯಾಸಕ್ಕೆ ಯಂತ್ರದ ಬಲಕ್ಕಿಂತ ಪರದೆಯ ವಿಸ್ತಾರ ಮುಖ್ಯ. ಚಲಿಸುವ ಚಿತ್ರ ಮತ್ತು ಮೂರು ಆಯಾಮದ ಮಾದರಿಗಳತ್ತ ಕಾಲಿಟ್ಟರೆ ಮಾತ್ರ ಗ್ರಾಫಿಕ್ಸ್ ಕಾರ್ಡ್ ಮುಂದಿನ ಸಾಲಿಗೆ ಬರುತ್ತದೆ. ಇವುಗಳಲ್ಲಿ ನಿಮ್ಮದು ಯಾವುದು ಎಂಬುದು ಸ್ಪಷ್ಟವಾಗದೆ ‘ಡಿಸೈನಿಂಗ್‌ಗೆ ಒಂದು ಕಂಪ್ಯೂಟರ್ ಕೊಡಿ’ ಎಂದರೆ, ಮಾರುವವರು ತಮ್ಮಲ್ಲಿ ಉಳಿದಿರುವುದನ್ನು ತೋರಿಸುತ್ತಾರೆ.

ಪರದೆ: ಇಲ್ಲಿ ಜಿಪುಣತನ ಬೇಡ

ಪ್ರೊಸೆಸರ್ ನಿಧಾನವಾದರೆ ಕೆಲಸ ತಡವಾಗುತ್ತದೆ, ಅಷ್ಟೆ. ಪರದೆ ಸುಳ್ಳು ಹೇಳಿದರೆ ಕೆಲಸವೇ ಕೆಡುತ್ತದೆ. ಡೆಸ್ಕ್‌ಟಾಪ್ ಜೋಡಿಸುವವರು ಒಟ್ಟು ಹಣದ ಮೂರನೆಯ ಒಂದು ಭಾಗವನ್ನು ಪರದೆಗೆ ಮೀಸಲಿಟ್ಟರೂ ಅದು ಅತಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರೊಸೆಸರ್ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಆದರೆ ಒಳ್ಳೆಯ ಮಾನಿಟರ್ ಎರಡು ಕಂಪ್ಯೂಟರುಗಳ ಆಯುಷ್ಯವನ್ನು ನೋಡುತ್ತದೆ.

ಮೊದಲು ಪ್ಯಾನೆಲ್ಲಿನ, ಎಂದರೆ ಪರದೆಯೊಳಗೆ ಚಿತ್ರ ಮೂಡಿಸುವ ಫಲಕದ, ಜಾತಿ ನೋಡಬೇಕು. ಟಿಎನ್ ಪ್ಯಾನೆಲ್ಲಿನಲ್ಲಿ ತಲೆಯನ್ನು ತುಸು ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತದೆಯಾದ್ದರಿಂದ ಅದು ಈ ಕೆಲಸಕ್ಕೆ ಸಲ್ಲದು. ವಿಎ ಪ್ಯಾನೆಲ್ಲಿನ ಕಪ್ಪು ಆಳವಾಗಿರುತ್ತದೆ, ಆದರೆ ಅಂಚಿನಿಂದ ನೋಡಿದಾಗ ಬಣ್ಣ ಸೊರಗುತ್ತದೆ. ಐಪಿಎಸ್ ಪ್ಯಾನೆಲ್ ಯಾವ ಕೋನದಿಂದ ನೋಡಿದರೂ ಹೆಚ್ಚು ಕಡಿಮೆ ಒಂದೇ ಬಣ್ಣ ತೋರಿಸುವುದರಿಂದ ಬಹುಪಾಲು ವಿನ್ಯಾಸಕಾರರ ಆಯ್ಕೆ ಅದೇ. ಓಎಲ್‌ಇಡಿ ನೋಡಲು ಎಲ್ಲಕ್ಕಿಂತ ಸೊಗಸು, ಆದರೆ ಟೂಲ್‌ಬಾರ್ ಮತ್ತು ಮೆನುಗಳಂತೆ ದಿನವಿಡೀ ಅಲುಗಾಡದೆ ನಿಲ್ಲುವ ಆಕೃತಿಗಳು ಕಾಲಕ್ರಮದಲ್ಲಿ ಪರದೆಯ ಮೇಲೆ ಅಚ್ಚೊತ್ತಿದಂತೆ ಉಳಿದುಬಿಡುವ ಅಪಾಯ ಅದಕ್ಕಿದೆ. ವಿನ್ಯಾಸದ ತಂತ್ರಾಂಶಗಳಲ್ಲಿ ಅಂತಹ ಆಕೃತಿಗಳಿಗೇನೂ ಬರವಿಲ್ಲ.

ಎರಡನೆಯದು ಬಣ್ಣದ ವ್ಯಾಪ್ತಿ. ಪರದೆಗಳು ತೋರಿಸಬಲ್ಲ ಬಣ್ಣಗಳಿಗೆ ಒಂದು ಸಾಮಾನ್ಯ ಅಳತೆಗೋಲಿರಲಿ ಎಂದು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ರೂಪಿಸಿದ ಎಸ್‌ಆರ್‌ಜಿಬಿ, 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಇಂದಿಗೂ ಅಂತರ್ಜಾಲದ ಚಿತ್ರಗಳ ತಳಹದಿ ಅದೇ. ವೆಬ್ ಮತ್ತು ಸಾಮಾಜಿಕ ಜಾಲತಾಣಗಳಿಗೆ ಕೆಲಸ ಮಾಡುವವರಿಗೆ ಎಸ್‌ಆರ್‌ಜಿಬಿಯನ್ನು ಸುಮಾರು ಪೂರ್ತಿಯಾಗಿ, ಎಂದರೆ ಶೇ 99ರಷ್ಟಾದರೂ ತೋರಿಸುವ ಪರದೆ ಸಾಕು. ಮುದ್ರಣವೇ ಮುಖ್ಯವಾದವರು ಅಡೋಬಿ 1998ರಲ್ಲಿ ಹೊರತಂದ ಅಡೋಬಿ ಆರ್‌ಜಿಬಿ ವ್ಯಾಪ್ತಿಯ ಬಹುಭಾಗವನ್ನು ತೋರಿಸುವ ಪರದೆಯ ಬಗ್ಗೆ ಯೋಚಿಸಬಹುದು, ಏಕೆಂದರೆ ಮುದ್ರಣದ ಶಾಯಿಯಲ್ಲಿ ಸಾಧ್ಯವಾಗುವ ಕೆಲವು ಸಯಾನ್ ಮತ್ತು ಹಸಿರಿನ ಛಾಯೆಗಳು ಎಸ್‌ಆರ್‌ಜಿಬಿಯ ಗಡಿಯಾಚೆ ಬೀಳುತ್ತವೆ. ವಿಡಿಯೋ ಕಡೆಗೆ ಒಲವಿದ್ದರೆ ಸಿನಿಮಾ, ವಿಡಿಯೋಗಳಲ್ಲಿ ಬಳಸುವ ಪಿ3 ವ್ಯಾಪ್ತಿಯನ್ನು ನೋಡಬೇಕು.

ಅಗ್ಗದ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ (ಹಳೆಯ ಟಿವಿ ಮಾನಕವೊಂದರ ವ್ಯಾಪ್ತಿಯ ಶೇ 45) ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದು ಕಾಣುತ್ತದೆ. ಅದು ಎಸ್‌ಆರ್‌ಜಿಬಿಯ ಮೂರನೆಯ ಎರಡು ಭಾಗಕ್ಕಿಂತಲೂ ತುಸು ಕಡಿಮೆ. ‘72% ಎನ್‌ಟಿಎಸ್‌ಸಿ’ ಎಂದಿದ್ದರೆ ಅದು ಹೆಚ್ಚು ಕಡಿಮೆ ಎಸ್‌ಆರ್‌ಜಿಬಿಯಷ್ಟೇ ಆಗುತ್ತದೆ. ಹಾಗೆಯೇ ವ್ಯಾಪ್ತಿ ದೊಡ್ಡದಾದಷ್ಟೂ ಒಳ್ಳೆಯದು ಎಂದು ತಿಳಿಯುವುದೂ ಸರಿಯಲ್ಲ. ವಿಸ್ತಾರ ವ್ಯಾಪ್ತಿಯ ಪರದೆಯಲ್ಲಿ, ಬಣ್ಣದ ಪ್ರೊಫೈಲನ್ನು (ಪರದೆ ಅಥವಾ ಚಿತ್ರದ ಬಣ್ಣಗಳು ಯಾವ ವ್ಯಾಪ್ತಿಯವು ಎಂದು ಹೇಳುವ ಮಾಹಿತಿಯನ್ನು) ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶವೊಂದರ ಮೂಲಕ ಸಾಮಾನ್ಯ ಎಸ್‌ಆರ್‌ಜಿಬಿ ಚಿತ್ರವನ್ನು ನೋಡಿದರೆ, ಮುಖಗಳೆಲ್ಲ ಬಿಸಿಲಿಗೆ ಕೆಂಪೇರಿದಂತೆ ಕಾಣುತ್ತವೆ. ಅದನ್ನು ನಂಬಿ ಬಣ್ಣ ಇಳಿಸಿದಿರೋ, ಉಳಿದವರ ಪರದೆಯ ಮೇಲೆ ಚಿತ್ರ ಪೇಲವವಾಗುತ್ತದೆ. ಆದ್ದರಿಂದ ಅಂತಹ ಮಾನಿಟರ್ ಕೊಳ್ಳುವಾಗ ಅದರಲ್ಲಿ ಎಸ್‌ಆರ್‌ಜಿಬಿಗೆ ಬದಲಿಸಿಕೊಳ್ಳುವ ಸೌಲಭ್ಯವಿದೆಯೇ ಎಂದು ಕೇಳಿಕೊಳ್ಳಬೇಕು.

ವ್ಯಾಪ್ತಿ ಎಷ್ಟೆಂಬುದು ಒಂದು ಮಾತಾದರೆ, ಆ ವ್ಯಾಪ್ತಿಯೊಳಗಿನ ಬಣ್ಣ ನಿಖರವಾಗಿದೆಯೇ ಎಂಬುದು ಇನ್ನೊಂದು. ಇದನ್ನು ‘ಡೆಲ್ಟಾ ಇ’ ಎಂಬ ಅಂಕಿಯಿಂದ ಅಳೆಯುತ್ತಾರೆ. ಅದು ಸರಾಸರಿ 2ಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸವನ್ನು ಕಣ್ಣು ಹಿಡಿಯುವುದು ಕಷ್ಟ. ಇದರ ಜೊತೆಗೆ ಪ್ರತಿ ಮೂಲ ಬಣ್ಣಕ್ಕೆ 8 ಬಿಟ್ ಇದ್ದರೆ ಛಾಯೆಯ 256 ಮೆಟ್ಟಿಲುಗಳು, 10 ಬಿಟ್ ಇದ್ದರೆ 1024 ಮೆಟ್ಟಿಲುಗಳು ಸಿಗುತ್ತವೆ. ಆಕಾಶದಂತಹ ನಿಧಾನಕ್ಕೆ ಬದಲಾಗುವ ಛಾಯೆಯಲ್ಲಿ ಪಟ್ಟೆಗಳು ಮೂಡದಿರಲು 10 ಬಿಟ್ ನೆರವಾಗುತ್ತದೆ, ಆದರೆ ಸಾಮಾನ್ಯ ಮುದ್ರಣ ಮತ್ತು ವೆಬ್ ಕೆಲಸಕ್ಕೆ ನಿಜವಾದ 8 ಬಿಟ್ ಪರದೆಯಲ್ಲಿ ಕೊರತೆಯೇನೂ ಕಾಣದು.

ಗಾತ್ರ ಮತ್ತು ಪಿಕ್ಸೆಲ್ ಸಾಂದ್ರತೆಯನ್ನು ಒಟ್ಟಿಗೇ ನೋಡಬೇಕು. 24 ಇಂಚಿನ ಪರದೆಯಲ್ಲಿ 1920×1080 ಪಿಕ್ಸೆಲ್ ಇದ್ದರೆ ಇಂಚಿಗೆ ಸುಮಾರು 92 ಪಿಕ್ಸೆಲ್ ಬೀಳುತ್ತವೆ. 27 ಇಂಚಿನಲ್ಲಿ 2560×1440 ಇದ್ದರೆ ಸುಮಾರು 109, ಅದೇ 27 ಇಂಚಿನಲ್ಲಿ 4ಕೆ (3840×2160) ಇದ್ದರೆ ಸುಮಾರು 163. ನನ್ನ ಅನುಭವದಲ್ಲಿ ಎರಡನೆಯದು ಹಣಕ್ಕೂ ಕಣ್ಣಿಗೂ ಹಿತವಾದ ಹದ. 4ಕೆ ಪರದೆಯಲ್ಲಿ ಅಕ್ಷರದ ಅಂಚುಗಳು ಮುದ್ರಣದಷ್ಟೇ ನಯವಾಗಿ ಕಾಣುವುದರಿಂದ ಅಕ್ಷರವಿನ್ಯಾಸ ಮತ್ತು ಪುಟವಿನ್ಯಾಸ ಮಾಡುವವರು ಅದರತ್ತ ಹೋಗಬಹುದು, ಆದರೆ ಆಗ ಕಂಪ್ಯೂಟರಿನ ಪೋರ್ಟನ್ನೂ ನೋಡಿಕೊಳ್ಳಬೇಕು. ಹಳೆಯ ಎಚ್‌ಡಿಎಂಐ 1.4 ಪೋರ್ಟ್ 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿಯಷ್ಟೇ ಕಳುಹಿಸುತ್ತದೆ, ಮೌಸ್ ಎಳೆದಾಗ ಬಾಣದ ಗುರುತು ತಡವರಿಸಿದಂತೆ ಭಾಸವಾಗುತ್ತದೆ. ಎಚ್‌ಡಿಎಂಐ 2.0, ಡಿಸ್‌ಪ್ಲೇಪೋರ್ಟ್ ಅಥವಾ ಚಿತ್ರ ಕಳುಹಿಸಬಲ್ಲ ಯುಎಸ್‌ಬಿ-ಸಿ ಪೋರ್ಟ್ ಇದ್ದರೆ ಈ ತೊಂದರೆಯಿಲ್ಲ.

ಮೆಮೊರಿ ಮತ್ತು ಸಂಗ್ರಹ

ಮೆಮೊರಿ ಎಷ್ಟು ಬೇಕೆಂಬುದನ್ನು ಊಹಿಸಬೇಕಿಲ್ಲ, ಕಾಗದದ ಮೇಲೆ ಲೆಕ್ಕ ಹಾಕಬಹುದು. ಎ3 ಹಾಳೆಯ ಗಾತ್ರವನ್ನು ಇಂಚಿಗೆ 300 ಪಿಕ್ಸೆಲ್ಲಿನಂತೆ ತೆರೆದರೆ 3508×4961, ಎಂದರೆ ಸುಮಾರು 1.74 ಕೋಟಿ ಪಿಕ್ಸೆಲ್ಲುಗಳಾಗುತ್ತವೆ. ಮುದ್ರಣದ ನಾಲ್ಕು ಬಣ್ಣಗಳ ಕ್ರಮದಲ್ಲಿ ಪ್ರತಿ ಪಿಕ್ಸೆಲ್ಲಿಗೆ ನಾಲ್ಕು ಬೈಟ್ ಬೇಕಾಗುವುದರಿಂದ, ಹಾಳೆ ತುಂಬ ಬಣ್ಣವಿರುವ ಒಂದೇ ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಸುಮಾರು 70 ಎಂಬಿ ಹಿಡಿಯುತ್ತದೆ. ಅಂತಹ 30 ಲೇಯರ್‌ಗಳಾದರೆ 2 ಜಿಬಿ ದಾಟುತ್ತದೆ, 16 ಬಿಟ್‌ನಲ್ಲಿ ಕೆಲಸ ಮಾಡಿದರೆ ಅದು ಇಮ್ಮಡಿಯಾಗುತ್ತದೆ. ಮಾಡಿದ್ದನ್ನು ಹಿಂದಕ್ಕೆ ಪಡೆಯಲೆಂದು ತಂತ್ರಾಂಶ ನೆನಪಿಟ್ಟುಕೊಳ್ಳುವ ಹಂತಗಳು ಇದರ ಮೇಲೆ ಬೀಳುವ ಹೊರೆ. ಫೋಟೋಶಾಪ್ ತಾನಾಗಿಯೇ ಇಟ್ಟುಕೊಳ್ಳುವುದು 50 ಹಂತಗಳನ್ನು. ಇಷ್ಟರ ನಡುವೆ ಬ್ರೌಸರ್ ಒಂದು ಇಪ್ಪತ್ತು ಟ್ಯಾಬ್ ಹೊತ್ತು ಕೂತಿರುತ್ತದೆ ಎಂಬುದನ್ನೂ ಮರೆಯಬಾರದು.

ಈ ಲೆಕ್ಕದ ಪ್ರಕಾರ 8 ಜಿಬಿ ಕಲಿಯುವವರಿಗೆ ಹೇಗೋ ನಡೆದೀತು, ದುಡಿಯುವವರಿಗೆ ನಡೆಯದು. 16 ಜಿಬಿಯನ್ನು ಕನಿಷ್ಠವೆಂದು ಇಟ್ಟುಕೊಂಡು, ದೊಡ್ಡ ಪೋಸ್ಟರ್ ಮತ್ತು ಫೋಟೋ ಕೆಲಸವಿರುವವರು 32 ಜಿಬಿಗೆ ಹೋಗುವುದು ಸರಿ. 64 ಜಿಬಿ ಬೇಕಾಗುವುದು ಚಲನಚಿತ್ರ ಮತ್ತು ಮೂರು ಆಯಾಮದ ಕೆಲಸಕ್ಕೆ. ಇಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಡೆಸ್ಕ್‌ಟಾಪಿಗೆ ಮತ್ತು ಕೆಲವು ಲ್ಯಾಪ್‌ಟಾಪುಗಳಿಗೆ ಮೆಮೊರಿಯನ್ನು ಆಮೇಲೆ ಸೇರಿಸಬಹುದು, ಆದರೆ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆ್ಯಪಲ್ಲಿನ ಎಂ ಸರಣಿಯ ಯಂತ್ರಗಳಲ್ಲಿ ಮೆಮೊರಿ ಚಿಪ್ಪಿನ ಜೊತೆಯಲ್ಲಿಯೇ ಕೂತಿರುವುದರಿಂದ, ಕೊಳ್ಳುವ ದಿನ ಎಷ್ಟಿತ್ತೋ ಕಡೆಯ ದಿನವೂ ಅಷ್ಟೇ. ಸೇರಿಸಲಾಗದ ಯಂತ್ರವನ್ನು ಕೊಳ್ಳುವಾಗ ಇಂದಿನ ಅಗತ್ಯಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನೇ ಆರಿಸಬೇಕು. ಸೇರಿಸಬಹುದಾದ ಯಂತ್ರದಲ್ಲಿ ಒಂದೇ 16 ಜಿಬಿ ಪಟ್ಟಿಗಿಂತ ಎರಡು 8 ಜಿಬಿ ಪಟ್ಟಿಗಳಿದ್ದರೆ ಮೆಮೊರಿಯ ದಾರಿ ಅಗಲವಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಂತೂ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೆಮೊರಿ ತುಂಬಿದಾಗ ತಂತ್ರಾಂಶ ಉಳಿದದ್ದನ್ನು ಡಿಸ್ಕಿನ ಮೇಲೆ ಹರಡಿಕೊಳ್ಳುತ್ತದೆ. ಆ ಡಿಸ್ಕ್ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಸೆಕೆಂಡಿಗೆ 100ರಿಂದ 200 ಎಂಬಿ, ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲೇ ಫೈಲು ಇಡುವ ಎಸ್‌ಎಸ್‌ಡಿಗಳಲ್ಲಿ ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಆದರೆ ಸುಮಾರು 550 ಎಂಬಿ, ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿ ಆದರೆ ಅದರ ಪೀಳಿಗೆಗೆ ತಕ್ಕಂತೆ 3,500ರಿಂದ 7,000 ಎಂಬಿ, ಇತ್ತೀಚಿನದರಲ್ಲಿ ಅದಕ್ಕೂ ಹೆಚ್ಚು ವೇಗ ಸಿಗುತ್ತದೆ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬದಲಾದಾಗ ಆಗುವ ಆನಂದ ಬೇರೆ ಯಾವ ಬದಲಾವಣೆಯಿಂದಲೂ ಆಗದು. ಎನ್‌ವಿಎಂಇಯ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹೋದಾಗ ಮಾತ್ರ ವಿನ್ಯಾಸದ ಕೆಲಸದಲ್ಲಿ ಅಂತರ ಅಷ್ಟಾಗಿ ತಿಳಿಯುವುದಿಲ್ಲವಾದ್ದರಿಂದ, ಆ ಹಣವನ್ನು ಜಾಗ ಹೆಚ್ಚಿಸಿಕೊಳ್ಳಲು ಬಳಸುವುದು ಮೇಲು. ವ್ಯವಸ್ಥೆ ಮತ್ತು ನಡೆಯುತ್ತಿರುವ ಕೆಲಸಕ್ಕೆ 1 ಟಿಬಿ ಎಸ್‌ಎಸ್‌ಡಿ, ಮುಗಿದ ಕೆಲಸಗಳನ್ನು ಇಡಲು ಅಗ್ಗದ ದೊಡ್ಡ ಹಾರ್ಡ್ ಡಿಸ್ಕ್ ಇದ್ದರೆ ಅನುಕೂಲ. ಮುಗಿದ ಕೆಲಸದ ಪ್ರತಿ ಒಂದೇ ಕಡೆ ಇರುವುದು ಇಲ್ಲದಿದ್ದಂತೆಯೇ ಸರಿ, ಹಾಗಾಗಿ ಎರಡನೆಯ ಡಿಸ್ಕಿನ ಬೆಲೆಯನ್ನೂ ಕಂಪ್ಯೂಟರಿನ ಬೆಲೆಯೊಳಗೇ ಸೇರಿಸಿಕೊಳ್ಳಿ.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್

ಇಲಸ್ಟ್ರೇಟರ್, ಇನ್‌ಡಿಸೈನ್, ಕೋರಲ್‌ಡ್ರಾ, ಫೋಟೋಶಾಪುಗಳಲ್ಲಿ ದಿನವಿಡೀ ನಡೆಯುವ ಹೆಚ್ಚಿನ ಕೆಲಸಗಳು ಪ್ರೊಸೆಸರಿನ ಒಂದೆರಡು ಕೋರ್‌ಗಳ (ಒಳಗೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಘಟಕಗಳ) ವೇಗವನ್ನೇ ನೆಚ್ಚಿಕೊಂಡಿರುತ್ತವೆ. ಹದಿನಾರು ಕೋರ್‌ಗಳಿರುವ ಆದರೆ ಒಂದೊಂದೂ ನಿಧಾನವಾದ ಪ್ರೊಸೆಸರಿಗಿಂತ, ಆರರಿಂದ ಎಂಟು ಚುರುಕಾದ ಕೋರ್‌ಗಳಿರುವುದು ಇಲ್ಲಿ ಹೆಚ್ಚು ಉಪಯುಕ್ತ. ಹೆಚ್ಚು ಕೋರ್‌ಗಳು ಫಲ ಕೊಡುವುದು ವಿಡಿಯೋ ಹೊರತೆಗೆಯುವಾಗ ಮತ್ತು ಮೂರು ಆಯಾಮದ ದೃಶ್ಯಗಳನ್ನು ಪ್ರೊಸೆಸರಿನಲ್ಲೇ ರೆಂಡರ್ ಮಾಡುವಾಗ, ಎಂದರೆ ಅಂತಿಮ ಚಿತ್ರವಾಗಿಸುವಾಗ. ಪೆಟ್ಟಿಗೆಯ ಮೇಲೆ ಪ್ರೊಸೆಸರಿನ ದರ್ಜೆ ತಿಳಿಸುವ 5, 7, 9 ಎಂಬ ಅಂಕಿಗಳಿಗಿಂತ ಪೀಳಿಗೆ ಮುಖ್ಯ. ಹೊಸ ಪೀಳಿಗೆಯ ನಡುದರ್ಜೆಯ ಪ್ರೊಸೆಸರ್ ಹಲವು ವರ್ಷ ಹಳೆಯ ಮೇಲ್ದರ್ಜೆಯದನ್ನು ಹಿಂದಿಕ್ಕುವುದು ಸಾಮಾನ್ಯ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಅತಿಯಾಗಿ ಖರ್ಚು ಮಾಡಿಸುವವರೇ ಹೆಚ್ಚು. ಎರಡು ಆಯಾಮದ ಕೆಲಸದಲ್ಲಿ ಕಾರ್ಡ್ ನೆರವಾಗುವುದು ಹಾಳೆಯನ್ನು ಹಿಗ್ಗಿಸಿ ಕುಗ್ಗಿಸಿ ತಿರುಗಿಸುವಾಗ, ಮಸುಕುಗೊಳಿಸುವಂತಹ ಕೆಲವು ಫಿಲ್ಟರುಗಳಲ್ಲಿ, ಹಾಗೂ ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಧನಗಳಲ್ಲಿ. ಪರದೆ 4ಕೆ ಆಗಿದ್ದರೆ 4 ಜಿಬಿ ಸ್ವಂತ ಮೆಮೊರಿಯಿರುವ ಕಾರ್ಡ್ ಇದ್ದರೆ ಒಳ್ಳೆಯದು, ಅದಕ್ಕಿಂತ ಚಿಕ್ಕ ಪರದೆಗೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕಾಗುತ್ತದೆ. ಬ್ಲೆಂಡರಿನಂತಹ ಮೂರು ಆಯಾಮದ ತಂತ್ರಾಂಶ ಬಳಸುವವರ ಮಾತು ಬೇರೆ. ಕಾರ್ಡಿನಲ್ಲಿ ರೆಂಡರ್ ಮಾಡುವಾಗ ದೃಶ್ಯ ಪೂರ್ತಿಯಾಗಿ ಕಾರ್ಡಿನ ಮೆಮೊರಿಯಲ್ಲಿ ಹಿಡಿಸಿದರೆ ಒಳ್ಳೆಯದಾದ್ದರಿಂದ ಅವರಿಗೆ 8 ಜಿಬಿಯಾದರೂ ಇರಲಿ. ಆಟಕ್ಕೆಂದು ಮಾರುವ ಲ್ಯಾಪ್‌ಟಾಪುಗಳು ಇದಕ್ಕೆ ಚೆನ್ನಾಗಿಯೇ ಒದಗುತ್ತವೆ, ಆದರೆ ಅವುಗಳಲ್ಲಿ ಕೆಲವು ವೇಗದ ಕಾರ್ಡಿನ ಮುಂದೆ ಬಣ್ಣಗೇಡಿ ಪರದೆಯನ್ನು ಕೂರಿಸಿರುತ್ತವೆ.

ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ, ಮ್ಯಾಕೋ ವಿಂಡೋಸೋ

ಒಂದೇ ಕಡೆ ಕೂತು ಕೆಲಸ ಮಾಡುವವರಿಗೆ ಅದೇ ಹಣದಲ್ಲಿ ಡೆಸ್ಕ್‌ಟಾಪ್ ಹೆಚ್ಚು ಬಲ ಕೊಡುತ್ತದೆ, ಕೆಟ್ಟ ಭಾಗವನ್ನಷ್ಟೇ ಬದಲಿಸಲೂ ಬಿಡುತ್ತದೆ. ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ಕಾಣುವ ಕಾರ್ಡಿನ ಹೆಸರು ಡೆಸ್ಕ್‌ಟಾಪಿನದೇ ಆಗಿದ್ದರೂ ಬಲ ಅದೇ ಆಗಿರುವುದಿಲ್ಲ. ಉದಾಹರಣೆಗೆ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡಿಗೆ ತಯಾರಕರು 35 ವಾಟಿನಿಂದ 115 ವಾಟಿನವರೆಗೆ ಎಷ್ಟು ವಿದ್ಯುತ್ತನ್ನಾದರೂ ಗೊತ್ತುಪಡಿಸಬಹುದಾದ್ದರಿಂದ, ಒಂದೇ ಹೆಸರಿನ ಎರಡು ಯಂತ್ರಗಳ ನಡುವೆ ಗಣನೀಯ ಅಂತರವಿರುತ್ತದೆ. ತೆಳುವಾದಷ್ಟೂ ಬೇಗ ಬಿಸಿಯಾಗುತ್ತದೆ, ಬಿಸಿಯಾದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಗ್ರಾಹಕರ ಬಳಿಗೆ ಕೆಲಸ ಒಯ್ದು ತೋರಿಸಬೇಕಾದವರು ಸಾಧಾರಣ ತೂಕದ ಲ್ಯಾಪ್‌ಟಾಪ್ ಕೊಂಡು, ಮೇಜಿನ ಮೇಲೆ ಒಳ್ಳೆಯ ಮಾನಿಟರನ್ನು ಇಟ್ಟುಕೊಂಡರೆ ಎರಡೂ ಕಡೆ ಸಲ್ಲುತ್ತದೆ.

ವಿನ್ಯಾಸವೆಂದರೆ ಮ್ಯಾಕ್ ಎಂಬ ನಂಬಿಕೆಗೆ ಇತಿಹಾಸದ ಕಾರಣವಿದೆ. 1984ರಲ್ಲಿ ಮ್ಯಾಕಿಂಟಾಷ್ ಬಂತು, ಮರುವರ್ಷವೇ ಅದಕ್ಕೆ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಮತ್ತು ಲೇಸರ್ ಮುದ್ರಕ ಲೇಸರ್‌ರೈಟರ್ ಜೊತೆಯಾದವು, 1990ರಲ್ಲಿ ಫೋಟೋಶಾಪ್ ಮೊದಲು ಹೊರಬಂದದ್ದೂ ಮ್ಯಾಕಿಗೆ ಮಾತ್ರ. ಇಂದು ಆ ತಂತ್ರಾಂಶಗಳ ಉತ್ತರಾಧಿಕಾರಿಗಳು ಎರಡರಲ್ಲೂ ಒಂದೇ ರೀತಿ ನಡೆಯುತ್ತವೆ. ಮ್ಯಾಕಿನ ಪರದೆಗಳು ಚೆನ್ನಾಗಿರುವುದು, ಬಣ್ಣದ ನಿರ್ವಹಣೆ ವ್ಯವಸ್ಥೆಯ ಉದ್ದಗಲಕ್ಕೂ ಇರುವುದು ನಿಜವಾದ ಲಾಭಗಳು. ಮೆಮೊರಿ ಮತ್ತು ಸಂಗ್ರಹ ಹೆಚ್ಚಿಸಿಕೊಳ್ಳಲು ಕೇಳುವ ಬೆಲೆ ಅಷ್ಟೇ ನಿಜವಾದ ನಷ್ಟ. ಎಂ1 ಮತ್ತು ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್‌ಗಳಿಗೆ ಒಂದೇ ಒಂದು ಹೊರಗಿನ ಮಾನಿಟರನ್ನು ನೇರವಾಗಿ ಜೋಡಿಸಬಹುದು ಎಂಬುದನ್ನು ಎರಡು ಪರದೆ ಬಯಸುವವರು ಗಮನಿಸಬೇಕು. ಲಿನಕ್ಸಿನಲ್ಲಿ ಉಚಿತ ತಂತ್ರಾಂಶಗಳಾದ ಗಿಂಪ್, ಇಂಕ್‌ಸ್ಕೇಪ್, ಕ್ರಿಟಾ, ಸ್ಕ್ರೈಬಸ್‌ಗಳಿಂದ ಪೂರ್ತಿ ಕೆಲಸ ನಡೆಸಬಹುದಾದರೂ, ಅಡೋಬಿಯ ಫೈಲುಗಳನ್ನೇ ಕೇಳುವ ಗ್ರಾಹಕರಿರುವವರಿಗೆ ಅದು ದಿನನಿತ್ಯದ ಜಗ್ಗಾಟವಾಗುತ್ತದೆ. ನಿಮ್ಮ ಕೆಲಸವನ್ನು ಸ್ವೀಕರಿಸುವವರು ಯಾವ ತಂತ್ರಾಂಶದಲ್ಲಿ ತೆರೆಯುತ್ತಾರೋ ಅದನ್ನು ಮೊದಲು ಕೇಳಿ ತಿಳಿದರೆ ಈ ವಾದ ಅರ್ಧಕ್ಕರ್ಧ ತೀರಿದಂತೆ.

ಬಳಸಿದ ಯಂತ್ರ ಕೊಳ್ಳುವುದು ಕೆಟ್ಟ ದಾರಿಯಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ ಎಂದು ನೋಡಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಆಮೇಲಿನದಾಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ಇಂಟೆಲ್ ಚಿಪ್ಪಿನ ಹಳೆಯ ಮ್ಯಾಕ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ, ಏಕೆಂದರೆ ಮ್ಯಾಕ್‌ಓಎಸ್ 26 ಅಂತಹ ಯಂತ್ರಗಳಿಗೆ ಕಡೆಯ ಆವೃತ್ತಿಯೆಂದು ಆ್ಯಪಲ್ ಈಗಾಗಲೇ ಹೇಳಿದೆ.

ಕೊಂಡ ಮೊದಲ ವಾರ

ಯಂತ್ರವನ್ನು ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಆರಂಭದಲ್ಲಿ ಹೇಳಿದ ಅದೇ ಭಾರವಾದ ಫೈಲನ್ನು ಇದರಲ್ಲಿಯೂ ತೆರೆದು ಒಂದು ಗಂಟೆ ನಿಜವಾದ ಕೆಲಸ ಮಾಡಿ. ಪರದೆಯ ತುಂಬ ಬರೀ ಬಿಳಿ, ಬರೀ ಬೂದು, ಬರೀ ಕಪ್ಪು ಬಣ್ಣಗಳನ್ನು ಒಂದಾದ ಮೇಲೊಂದು ತಂದು, ಮೂಲೆಗಳಲ್ಲಿ ಬಣ್ಣ ತಿರುಗಿದೆಯೇ, ಸತ್ತ ಪಿಕ್ಸೆಲ್ಲುಗಳಿವೆಯೇ, ಕತ್ತಲಲ್ಲಿ ಅಂಚಿನಿಂದ ಬೆಳಕು ಸೋರುತ್ತಿದೆಯೇ ಎಂದು ನೋಡಿ. ರಾತ್ರಿಯ ಹೊತ್ತು ಪರದೆಯನ್ನು ಹಳದಿ ಮಾಡುವ, ಕೋಣೆಯ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಸೌಲಭ್ಯಗಳನ್ನೆಲ್ಲ ಕೆಲಸದ ವೇಳೆ ಆಫ್ ಮಾಡಿಡಿ.

ಆಮೇಲೆ ಪ್ರಖರತೆ. ಹೊಸ ಮಾನಿಟರ್ ಪೆಟ್ಟಿಗೆಯಿಂದ ಹೊರಬರುವಾಗ ಅಂಗಡಿಯ ದೀಪಗಳ ನಡುವೆ ಎದ್ದು ಕಾಣುವಷ್ಟು ಪ್ರಖರವಾಗಿರುತ್ತದೆ. ಮುದ್ರಣ ಕತ್ತಲಾಗಿ ಬಂತೆಂಬ ದೂರುಗಳಿಗೆ ಬಹುಪಾಲು ಇದೇ ಮೂಲ. ಮುದ್ರಣದ ಕೆಲಸಕ್ಕೆ ಪ್ರತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಪ್ರಖರತೆಯ ಅಳತೆ), ಬಿಳಿಯ ಬಿಂದು (ಪರದೆ ತೋರುವ ಬಿಳಿಯ ಛಾಯೆ) 6500 ಕೆಲ್ವಿನ್ ಎಂದು ಇಟ್ಟುಕೊಂಡು ಶುರು ಮಾಡಬಹುದು. ಇದನ್ನು ಅಳೆಯಲು ಪರದೆಯ ಮೇಲೆ ತೂಗುಬಿಡುವ ಕಲರಿಮೀಟರ್ ಎಂಬ ಪುಟ್ಟ ಸಾಧನ ಸಿಗುತ್ತದೆ, ನಾಲ್ಕಾರು ಸ್ನೇಹಿತರು ಸೇರಿ ಒಂದನ್ನು ಕೊಂಡರೂ ಸಾಕು. ಪರದೆ ಕಾಲ ಕಳೆದಂತೆ ಮಾಸುವುದರಿಂದ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅಳತೆಯನ್ನು ಮತ್ತೆ ಮಾಡಬೇಕು. ಕಿಟಕಿಯ ಬೆಳಕು ನೇರವಾಗಿ ಪರದೆಗೆ ಬೀಳದಂತೆ ಮೇಜನ್ನು ತಿರುಗಿಸಿಕೊಂಡು, ಹಿಂದೆ ಮುದ್ರಿಸಿ ಒಪ್ಪಿಗೆ ಪಡೆದ ಕೆಲಸವೊಂದರ ಹಾಳೆಯನ್ನು ಹಗಲಿನಂತಹ ಬಿಳಿ ಬೆಳಕಿನಲ್ಲಿ ಹಿಡಿದು, ಅದರ ಫೈಲನ್ನು ಪಕ್ಕದಲ್ಲಿ ತೆರೆದು, ಎರಡನ್ನೂ ಹೋಲಿಸಿ ನೋಡಿ. ಹೊಂದದಿದ್ದರೆ ಸರಿಪಡಿಸಬೇಕಾದದ್ದು ಪರದೆಯನ್ನು, ಫೈಲನ್ನಲ್ಲ.